ಸಣ್ಣ ಮೈಗೆ ಚಳಿ ಹೆಚ್ಚು

ಟೀಚರ ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡಬೇಕು ಎಂದು ಶಾಲೆಯಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಆಲೂಗಡ್ಡೆ ಸಿಪ್ಪೆ.

“ನೀವೇ ಮಾತಾಡ್ರಿ ಮೇಡಂ. ಅಷ್ಟು ವರ್ಷ ಜೊತೆಯಲ್ಲಿದ್ರಲ್ಲ, ನಿಮಗಿಂತ ಚೆನ್ನಾಗಿ ಅವರನ್ನ ಬಲ್ಲೋರು ಯಾರಿದಾರ್ರೀ?” ಎಂದರು ಈಗಿನ ಹೆಡ್‌ಮಾಸ್ಟರು.

ಜೊತೆಯಲ್ಲಿದ್ದದ್ದು ನಿಜ. ಶಿಕಾರಿಪುರದ ಆ ಹೈಸ್ಕೂಲಿನಲ್ಲಿ ನಾವಿಬ್ಬರೂ ಜೀವಶಾಸ್ತ್ರ ಕಲಿಸುತ್ತಿದ್ದೆವು. ನನಗೆ ಎ ಸೆಕ್ಷನ್, ಅವರಿಗೆ ಬಿ ಸೆಕ್ಷನ್. ನಡುವಿನ ಗೋಡೆ ಮೇಲಿನವರೆಗೆ ಮುಟ್ಟಿರಲಿಲ್ಲ. ಹೆಂಚಿನ ಕೆಳಗೆ ಒಂದು ಮೊಳ ಸಂದು ಬಿಟ್ಟಿದ್ದರು. ಆ ಸಂದಿನಿಂದ ಅವರ ಕ್ಲಾಸಿನ ನಗು ನನ್ನ ಕ್ಲಾಸಿನೊಳಕ್ಕೆ ಬಂದು ಬೀಳುತ್ತಿತ್ತು. ನನ್ನ ಕ್ಲಾಸಿನಿಂದ ಆ ಕಡೆ ಏನು ಹೋಗುತ್ತಿತ್ತೋ ಗೊತ್ತಿಲ್ಲ. ಬಹುಶಃ ಸೀಮೆಸುಣ್ಣದ ಸದ್ದು.

ಸಮಾರಂಭಕ್ಕೆ ಹೋದೆ. ಸರಳತೆ, ಶಿಸ್ತು, ನಗುಮುಖದ ಸೇವೆ ಎಂದೆಲ್ಲ ಎಲ್ಲರ ಬೀಳ್ಕೊಡುಗೆಯಲ್ಲೂ ಹೇಳುವುದನ್ನೇ ಹೇಳಿ ಕೂತೆ. ಅವರು ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಮುದುಡಿಕೊಂಡಿದ್ದರು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಸನ್ಮಾನದ ಶಾಲುಗಳನ್ನು ಬೇರೆಯವರಾದರೆ ಮಡಿಸಿ ಪಕ್ಕಕ್ಕಿಡುತ್ತಾರೆ. ಇವರು ಬಂದದ್ದನ್ನೆಲ್ಲ ಒಂದರ ಮೇಲೊಂದು ಹೊದ್ದುಕೊಂಡೇ ಕೂತರು. ಮಕ್ಕಳು ಶಿಳ್ಳೆ ಹಾಕಿದರು.

ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಬಹುಪಾಲು ಹೊಟ್ಟೆಕಿಚ್ಚು. ಅದನ್ನು ತೆಗೆದು ಬರೆದರೆ ಅವರು ಇದ್ದ ಹಾಗೆ ಕಾಣುವುದಿಲ್ಲ.

ಅವರು ಸೊರಬದ ಕಡೆಯವರು, ಹೊಸಬಾಳೆ. ಶಿಕಾರಿಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಮದುವೆಯಾಗಿರಲಿಲ್ಲ. ನನ್ನ ಭುಜಕ್ಕೆ ಬರುತ್ತಿದ್ದರು, ಹಿಂದಿನಿಂದ ನೋಡಿದರೆ ಒಂಬತ್ತನೇ ಕ್ಲಾಸಿನ ಹುಡುಗಿ ಸೀರೆ ಉಟ್ಟ ಹಾಗೆ. ಮಳೆಗಾಲ ಕಳೆಯುವುದರೊಳಗೆ ಮೈಮೇಲೆ ಕಂದು ಬಣ್ಣದ ಒಂದು ಸ್ವೆಟರ್ ಹತ್ತಿತೆಂದರೆ ಹೋಳಿ ಹುಣ್ಣಿಮೆಯವರೆಗೆ ಇಳಿಯುತ್ತಿರಲಿಲ್ಲ.

ನಾನು ಅದಕ್ಕೆ ಪೂರಾ ಉಲ್ಟಾ. ಎತ್ತರ, ಅಗಲ, ಎರಡೂ ದೇವರು ಧಾರಾಳವಾಗಿ ಕೊಟ್ಟಿದ್ದ. ಮಕ್ಕಳು ನನ್ನ ಬೆನ್ನ ಹಿಂದೆ ‘ಡ್ರಮ್ ಮೇಡಂ’ ಎನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಅವರಿಗೆ ಇಟ್ಟಿದ್ದ ಹೆಸರು ‘ಗುಬ್ಬಿ ಟೀಚರ್’. ಅಡ್ಡಹೆಸರಿನಲ್ಲೂ ನೋಡಿ, ಅವರಿಗೆ ಜೀವ ಇರುವುದು ಸಿಕ್ಕಿತು, ನನಗೆ ತಗಡು.

ಸ್ಟಾಫ್ ರೂಮಿನಲ್ಲಿ ಇದ್ದದ್ದು ಒಂದೇ ಫ್ಯಾನು. ನಾನು ಬಂದ ತಕ್ಷಣ ಹಾಕುತ್ತಿದ್ದೆ. ಅವರು ಮಾತಿಲ್ಲದೆ ಎದ್ದು ಕಿಟಕಿಯ ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದರು. ಜಗಳಕ್ಕಾದರೂ ಬರಲಿ ಎಂದು ಒಮ್ಮೆ ಕೇಳಿದೆ: “ಆಫ್ ಮಾಡ್ಲೇನ್ರೀ?”

“ಬ್ಯಾಡ ಬ್ಯಾಡ. ನಿಮಗೆ ಬಿಸಿ ಹೊರಗೆ ಹೋಗೋಕೆ ದಾರಿ ಕಡಿಮೆ. ನಂಗೆ ದಾರಿಯೇ ಜಾಸ್ತಿ. ಇದ್ರಲ್ಲಿ ಯಾರ ತಪ್ಪೂ ಇಲ್ಲ ಮಾರಾಯ್ರೆ,” ಎಂದರು.

ಇನ್ನು ಅವರು ತಿನ್ನುತ್ತಿದ್ದ ಪರಿ. ಬೆಳಿಗ್ಗೆ ಬಂದ ಕೂಡಲೇ ಒಂದು ಸಣ್ಣ ಡಬ್ಬಿಯಲ್ಲಿ ಅವಲಕ್ಕಿ. ಇಂಟರ್‌ವಲ್ಲಿಗೆ ಎರಡು ಬಾಳೆಹಣ್ಣು. ಮಧ್ಯಾಹ್ನ ಊಟ. ಊಟವಾಗಿ ಒಂದು ಪೀರಿಯಡ್ ಕಳೆಯುವಷ್ಟರಲ್ಲಿ ಚಕ್ಕುಲಿ. ಬ್ಯಾಗಿನ ತಳದಲ್ಲಿ ಹುರಿದ ಶೇಂಗಾ ಯಾವಾಗಲೂ ಇರುತ್ತಿತ್ತು. “ಇಲಿ ಆನೆಗಿಂತ ಸಣ್ಣದು ಅಂತ ಎಲ್ರಿಗೂ ಗೊತ್ತು. ಆದ್ರೆ ಇಲಿ ಗಳಿಗೆಗೊಂದ್ಸಲ ತಿನ್ಲಿಲ್ಲ ಅಂದ್ರೆ ಉಳಿಯೂದಿಲ್ಲ. ಮೈಯಿಂದ ಬಿಸಿ ಸೋರ್ತಾನೇ ಇರ್ತದೆ, ತುಂಬ್ತಾನೇ ಇರ್ಬೇಕು,” ಎಂದು ಬಾಯಿ ಆಡಿಸುತ್ತಲೇ ಹೇಳುತ್ತಿದ್ದರು. ನಾನು ಒಂದು ಮುದ್ದೆಯನ್ನು ಅರ್ಧಕ್ಕಿಳಿಸಿ, ಸಕ್ಕರೆ ಬಿಟ್ಟು, ಸಂಜೆ ಹುಚ್ಚರಾಯನ ಕೆರೆ ಏರಿಯ ಮೇಲೆ ನಡೆದು, ಆಮೇಲೂ ಬ್ಲೌಸಿನ ಹೊಲಿಗೆ ಬಿಚ್ಚಿಸುತ್ತಿದ್ದೆ. ಅವರು ತಿನ್ನುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಈ ಮಾತಿಗೆ ಇದಕ್ಕಿಂತ ನೇರವಾದ ಅರ್ಥ ಇರಲಾರದು.

ಈಗ ಆಲೂಗಡ್ಡೆ ವಿಷಯ. ಜೀವಿಗಳ ಗಾತ್ರ ಮತ್ತು ಮೈಯ ಹೊರಮೈ ಎಂಬ ಪಾಠ. ನಾನು ಪ್ರತಿವರ್ಷ ಬೋರ್ಡಿನ ಮೇಲೆ ಮೂರು ಘನಗಳನ್ನು ಬರೆಯುತ್ತಿದ್ದೆ. ಬಾಹು ಎರಡರಷ್ಟಾದರೆ ಹೊರಮೈ ನಾಲ್ಕರಷ್ಟು, ಒಳಗಿನ ಗಾತ್ರ ಎಂಟರಷ್ಟು. ಆದ್ದರಿಂದ ದೊಡ್ಡ ಜೀವಿಗೆ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಸಣ್ಣದಕ್ಕೆ ಹೆಚ್ಚು. ಸ್ಕೇಲು ಹಿಡಿದು ಅಚ್ಚುಕಟ್ಟಾಗಿ ಬರೆಯುತ್ತಿದ್ದೆ. ಮಕ್ಕಳೂ ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅಂಕಕ್ಕೇನೂ ಕೊರತೆ ಇರಲಿಲ್ಲ.

ಅವರು ಬಂದ ವರ್ಷ, ನಾನು ಎರಡನೇ ಘನ ಬರೆಯುತ್ತಿರುವಾಗ ಗೋಡೆಯಾಚೆ ಗದ್ದಲ ಎದ್ದಿತು. ಹೋಗಿ ಇಣುಕಿದರೆ ಬೆಂಚುಗಳೆಲ್ಲ ಗೋಡೆಗೆ ಸರಿದಿವೆ, ಹುಡುಗರು ನೆಲದ ಮೇಲೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದಾರೆ. ಬಿಸಿಯೂಟಕ್ಕೆ ಬಂದಿದ್ದ ಆಲೂಗಡ್ಡೆಯನ್ನು ಅಡುಗೆಯವರಿಂದ ಕೇಳಿ ತಂದಿದ್ದರು. ಒಂದು ಗುಂಪಿಗೆ ದಪ್ಪದಪ್ಪದ್ದು, ಇನ್ನೊಂದು ಗುಂಪಿಗೆ ಗೋಲಿಯಂಥ ಸಣ್ಣದು. ತೂಕ ಎರಡಕ್ಕೂ ಒಂದೇ. ದಪ್ಪ ಆಲೂಗಡ್ಡೆಯವರು ಮುಗಿಸಿ ಕೈ ಕಟ್ಟಿ ಕೂತಿದ್ದರು. ಸಣ್ಣದರವರು ಹೆರೆಯುತ್ತಲೇ ಇದ್ದರು, ಅವರ ಮುಂದಿನ ಸಿಪ್ಪೆಯ ಗುಡ್ಡೆ ಏರುತ್ತಲೇ ಇತ್ತು. ಕೊನೆಗೆ ಎರಡೂ ಗುಡ್ಡೆಗಳನ್ನು ತಕ್ಕಡಿಗೆ ಹಾಕಿದರು.

“ತೂಕ ಒಂದೇ ಇತ್ತಲ್ಲ? ಇವ್ರಿಗೆ ಸಿಪ್ಪೆ ಎಂತಕ್ಕೆ ಜಾಸ್ತಿ ಬಂತು?”

ಹಿಂದೆ ಕೂತಿದ್ದ ಒಬ್ಬ ಹುಡುಗಿ, ನನ್ನ ಪ್ರಕಾರ ಯಾವತ್ತೂ ಬಾಯಿ ಬಿಡದವಳು, ಕೂಗಿಯೇ ಬಿಟ್ಟಳು: “ಸಣ್ಣದಕ್ಕೆ ಮೈಯೆಲ್ಲ ಸಿಪ್ಪೆನೇ ಟೀಚರ್!”

“ಹಾಂ. ಈಗ ಹೇಳಿ. ಬಿಸಿ ಹುಟ್ಟೋದು ತಿರುಳಲ್ಲಿ, ಹೋಗೋದು ಸಿಪ್ಪೆ ಮೇಲಿಂದ. ತಿರುಳು ಕಮ್ಮಿ, ಸಿಪ್ಪೆ ಜಾಸ್ತಿ ಇದ್ದೋರಿಗೆ ಎಂತ ಆಗ್ತದೆ?”

“ಚಳಿ!” ಎಂದಿತು ಇಡೀ ಕ್ಲಾಸು.

“ಅದಕ್ಕೇ ನಂಗೆ ಸ್ವೆಟರ್ರು,” ಎಂದು ತೋಳು ಚಾಚಿ ತೋರಿಸಿದರು.

ಅಷ್ಟಕ್ಕೇ ಬಿಡಲಿಲ್ಲ. ಅದೇ ಸಿಪ್ಪೆಯ ದಾರಿಯಿಂದ ಗಾಳಿ ಒಳಕ್ಕೂ ಬರುತ್ತದೆ, ಅದಕ್ಕೇ ಎರೆಹುಳಕ್ಕೆ ಮೂಗು ಬೇಡ, ಚರ್ಮವೇ ಸಾಕು ಎಂದರು. ನಾವು ದೊಡ್ಡವರಾದೆವು, ಹೊರಗಿನ ಸಿಪ್ಪೆ ಸಾಲದಾಯಿತು, ಅದಕ್ಕೆ ಇನ್ನೊಂದು ದೊಡ್ಡ ಸಿಪ್ಪೆಯನ್ನು ಮಡಚಿ ಮಡಚಿ ಎದೆಯೊಳಗೆ ಇಟ್ಟುಕೊಂಡಿದ್ದೇವೆ, ಅದರ ಹೆಸರು ಶ್ವಾಸಕೋಶ ಎಂದರು. ಬಾಗಿಲಲ್ಲಿ ನಿಂತ ನಾನು ಒಂದು ಕ್ಷಣ ಉಸಿರು ಎಳೆದುಕೊಂಡು ಎದೆ ಮುಟ್ಟಿ ನೋಡಿಕೊಂಡೆ. ಆ ಪಾಠವನ್ನು ಅಷ್ಟು ವರ್ಷ ಮಾಡಿದವಳಿಗೆ ಶ್ವಾಸಕೋಶ ಮಡಚಿಟ್ಟ ಸಿಪ್ಪೆ ಅನ್ನಿಸಿರಲಿಲ್ಲ.

ಮರುವರ್ಷ ನಾನೂ ಆಲೂಗಡ್ಡೆ ತರಿಸಿದೆ. “ಬಿ ಸೆಕ್ಷನ್ನೋರು ಮಾಡಿದ್ದೇ ನಾವೂ ಮಾಡೋದಾ ಮೇಡಂ?” ಎಂದು ಮುಂದಿನ ಬೆಂಚಿನಿಂದ ಒಂದು ಮಗು ಕೇಳಿತು. ಆಮೇಲೆ ನಾನು ಘನಕ್ಕೇ ಮರಳಿದೆ.

ಅವರಲ್ಲಿ ಕುಂದು ಇರಲಿಲ್ಲವೆಂದಲ್ಲ. ಅವರ ಪೋರ್ಶನ್ ಒಂದು ವರ್ಷವೂ ಹೊತ್ತಿಗೆ ಮುಗಿದದ್ದಿಲ್ಲ. ಫೆಬ್ರವರಿ ಬಂತೆಂದರೆ ಬಿ ಸೆಕ್ಷನ್ನಿನ ಹುಡುಗರು ನನ್ನ ಕ್ಲಾಸಿನ ಮಕ್ಕಳ ನೋಟ್ಸಿಗೆ ಸಾಲು ನಿಲ್ಲುತ್ತಿದ್ದರು. ಇವರು ಮೀಟಿಂಗಿಗೆ ತಡವಾಗಿ ಬರುತ್ತಿದ್ದರು. ಲ್ಯಾಬಿನ ಬೀಕರುಗಳಲ್ಲಿ ಶೇಂಗಾ ಸಿಪ್ಪೆ ಬಿಡುತ್ತಿದ್ದರು. ಇವೆಲ್ಲವನ್ನೂ ನಾನು ಗಮನಿಸಿ ನೆನಪಿಟ್ಟುಕೊಂಡಿದ್ದೇನೆ ಎಂಬುದರಿಂದಲೇ ನನ್ನ ಮನಸ್ಸು ನಿಮಗೆ ತಿಳಿಯುತ್ತದೆ.

ಒಂದು ಸಲ ಎರಡೂ ಸೆಕ್ಷನ್ನನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋಗಿದ್ದೆವು. ದೇವಸ್ಥಾನ, ಶಾಸನ, ಶಿಲ್ಪ ಎಲ್ಲವನ್ನೂ ವಿವರಿಸಲು ನಾನು ಹಿಂದಿನ ದಿನವೇ ಓದಿಕೊಂಡಿದ್ದೆ. ಸಂಜೆ ಬಸ್ಸಿಗೆ ಕಾಯುವಾಗ ಬಿಸಿಲು ಇಳಿದು ಗಾಳಿ ತಣ್ಣಗಾಯಿತು. ನೋಡಿದರೆ ಇವರು ದೇವಸ್ಥಾನದ ಹೊರಗಿನ ದಪ್ಪ ಕಲ್ಲುಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು, ಕೆನ್ನೆ ಒತ್ತಿಕೊಂಡು ನಿಂತಿದ್ದಾರೆ. “ಟೀಚರ್, ಏನಾಯ್ತು?” ಎಂದು ಹುಡುಗರು ಓಡಿದರು. “ಅಲ್ಲಿ ಬಿದ್ದಿರೋ ಸಣ್ಣ ಕಲ್ಲು ಮುಟ್ಟಿ ಬನ್ನಿ, ಆಮೇಲೆ ಇದನ್ನ ಮುಟ್ಟಿ. ಎರಡೂ ದಿನವಿಡೀ ಒಂದೇ ಬಿಸಿಲು ಕುಡಿದಿದ್ದು,” ಎಂದರು. ಸಣ್ಣ ಕಲ್ಲು ಆಗಲೇ ಆರಿ ತಣ್ಣಗಾಗಿತ್ತು, ಕಂಬ ಇನ್ನೂ ಬೆಚ್ಚಗಿತ್ತು. ಬಸ್ಸು ಬರುವಷ್ಟರಲ್ಲಿ ಒಂದೊಂದು ಕಂಬಕ್ಕೂ ಐದಾರು ಮಕ್ಕಳು ಜೇನುಹುಳದ ಹಾಗೆ ಅಂಟಿಕೊಂಡಿದ್ದರು. ನನ್ನ ಸೆಕ್ಷನ್ನಿನವರೂ. ನಾನು ಓದಿಕೊಂಡು ಹೋಗಿದ್ದ ಶಾಸನದ ಮುಂದೆ ನಾನೊಬ್ಬಳೇ ಉಳಿದಿದ್ದೆ.

ಇಷ್ಟಾದರೆ ಸಹೋದ್ಯೋಗಿಗಳ ನಡುವಿನ ಮಾಮೂಲಿ ಕಿರಿಕಿರಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನನ್ನ ಮಗಳು ಅವರ ಸೆಕ್ಷನ್ನಿನಲ್ಲಿ ಓದಿದಳು. ತಾಯಿಯ ಕ್ಲಾಸಿನಲ್ಲಿ ಮಗಳು ಇರುವುದು ಸರಿಯಲ್ಲ ಎಂದು ನಾನೇ ಬಿ ಸೆಕ್ಷನ್ನಿಗೆ ಹಾಕಿಸಿದ್ದೆ. ಅಲ್ಲಿಂದ ಊಟದ ತಟ್ಟೆಯ ಮುಂದೆ “ನಮ್ ಟೀಚರ್ ಹೇಳಿದ್ರು” ಶುರುವಾಯಿತು. ಬಿಸಿ ಅನ್ನವನ್ನು ತಟ್ಟೆಯ ತುಂಬ ಹರಡಿ ಹೇಳುತ್ತಿದ್ದಳು: “ಹಿಂಗೆ ಹರಡಿದ್ರೆ ಹೊರಮೈ ಜಾಸ್ತಿ ಆಗುತ್ತಮ್ಮ, ಬೇಗ ಆರುತ್ತೆ. ನಮ್ ಟೀಚರ್ ಹೇಳಿದ್ರು.”

“ನಿಮ್ ಟೀಚರ್ ಈ ಊರಿಗೆ ಬರೋಕೆ ಮುಂಚೆಯಿಂದ ನಿಂಗೆ ಅನ್ನ ಆರಿಸಿ ತಿನ್ನಿಸಿರೋಳು ನಾನು ಕಣೇ.”

“ಆರಿಸಿ ತಿನ್ನಿಸಿದೀಯ. ಯಾಕೆ ಆರುತ್ತೆ ಅಂತ ಹೇಳ್ಲಿಲ್ವಲ್ಲ?”

ನಮ್ಮ ಯಜಮಾನರು ಜೋರಾಗಿ ನಕ್ಕರು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮಗಳು ಓದು ಮುಗಿಸಿ ಸೊರಬಕ್ಕೆ ಸೊಸೆಯಾಗಿ ಹೋದಳು. ಅಳಿಯನದು ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ. ನಾನು ರಿಟೈರಾದೆ. ಹೊಸಬಾಳೆ ಸೊರಬಕ್ಕೆ ಹತ್ತಿರವಾದ್ದರಿಂದ ಟೀಚರು ಶನಿವಾರ ಊರಿಗೆ ಹೋಗುವಾಗ ಮಗಳ ಮನೆಗೆ ಹೋಗಿ ಚಹಾ ಕುಡಿಯುತ್ತಿದ್ದರಂತೆ. ಅದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ನಾನು ತಿಂಗಳಿಗೊಮ್ಮೆ ಹೋದರೆ ಹೆಚ್ಚು.

ಮೊದಲ ಹೆರಿಗೆಗೆಂದು ಮಗಳು ನಮ್ಮ ಮನೆಗೆ ಬಂದಳು. ಮಹಾಶಿವರಾತ್ರಿ ಹೊತ್ತಿಗೆ ಎಂದಿದ್ದ ಹೆರಿಗೆ ಡಿಸೆಂಬರಿನ ಕೊರೆಯುವ ಚಳಿಯಲ್ಲೇ ಆಗಿಹೋಯಿತು. ಆಪರೇಷನ್. ಹೆಣ್ಣುಮಗು. ನರ್ಸು ತಂದು ತೋರಿಸಿದಳು. ಎರಡು ಕೆಜಿ ಕೂಡ ಇರಲಿಲ್ಲ. ನನ್ನ ಅಂಗೈಯಲ್ಲಿ ಅದರ ಬೆನ್ನು ಪೂರಾ ಹಿಡಿಸುತ್ತಿತ್ತು. ಕೆಲವು ದಿನ ಬಿಸಿ ಕೊಡುವ ಯಂತ್ರದ ಕೆಳಗೆ ಇಟ್ಟಿದ್ದರು. ಆಮೇಲೆ ಡಾಕ್ಟರು ಬಂದು, ಮಗು ಉಸಿರಾಟ ಚೆನ್ನಾಗಿ ಮಾಡುತ್ತಿದೆ, ಇನ್ನು ಇದಕ್ಕೆ ಬೇಕಾದದ್ದು ತಾಯಿಯ ಮೈಬಿಸಿ, ಬಟ್ಟೆಯಿಲ್ಲದ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿಕೊಳ್ಳಬೇಕು, ಹಗಲೂ ರಾತ್ರಿ, ಎಂದರು. ಆದರೆ ಮಗಳಿಗೆ ಅದೇ ಹೊತ್ತಿಗೆ ಜ್ವರ ಏರಿತ್ತು, ಹೊಲಿಗೆಯ ನೋವಿಗೆ ಮಗ್ಗುಲು ತಿರುಗಲೂ ಆಗುತ್ತಿರಲಿಲ್ಲ. “ಮನೆಯವರು ಬೇರೆ ಯಾರಾದ್ರೂ ಮಲಗಿಸ್ಕೋಬಹುದು,” ಎಂದು ಹೇಳಿ ಡಾಕ್ಟರು ಹೋದರು.

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಮಗಳು ನನ್ನ ಕಡೆ ತಿರುಗಿ ಹೇಳಿದ್ದು: “ಅಮ್ಮ, ಟೀಚರ್‌ನ ಕರೀ.”

ಕೇಳಿದ್ದು ನನ್ನನ್ನಲ್ಲ, ಅವರನ್ನು. ಆದರೂ ಫೋನ್ ಮಾಡಿದೆ. ಭಾನುವಾರವಾದ್ದರಿಂದ ಅವರು ಹೊಸಬಾಳೆಯಲ್ಲಿದ್ದರು. ಸೊರಬಕ್ಕೆ ಬಂದು, ಸಿಕ್ಕ ಮೊದಲ ಬಸ್ಸು ಹತ್ತಿ, ಮಧ್ಯಾಹ್ನದೊಳಗೆ ಆಸ್ಪತ್ರೆಯ ಬಾಗಿಲಲ್ಲಿದ್ದರು. ಸ್ವೆಟರು, ಅದರ ಮೇಲೊಂದು ಶಾಲು, ಕಿವಿಗೆ ಮಫ್ಲರು. ಅಷ್ಟು ಬಟ್ಟೆಯ ಒಳಗೆ ಇಷ್ಟೇ ಮುಖ.

“ಟೀಚರ್, ಇವಳ ಕಾಲು ತಣ್ಣಗೈತೆ,” ಎಂದು ಮಗಳು ಅತ್ತಳು. “ಎಷ್ಟು ಸುತ್ತಿದ್ರೂ ಬೆಚ್ಚಗಾಗ್ತಿಲ್ಲ. ನೀವು ಮಲಗಿಸ್ಕೋತೀರಾ?”

ಅವರು ಮಗುವನ್ನು ಮುಟ್ಟಲು ಕೈ ಚಾಚಿ, ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡು ಕಂಕುಳಲ್ಲಿಟ್ಟುಕೊಂಡರು.

“ನನ್ನ ಹತ್ರ ಎಂತ ಇದೆ ಪುಟ್ಟಿ ಕೊಡೋಕೆ? ನನ್ನ ಬಿಸಿ ನಂಗೇ ಸಾಲೂದಿಲ್ಲ. ಸುತ್ತಿದ ಬಟ್ಟೆ ಬಿಸಿ ಹುಟ್ಟಿಸೂದಿಲ್ಲ, ಇದ್ದದ್ದನ್ನ ಹಿಡಿದಿಡ್ತದೆ ಅಷ್ಟೇ. ಇವಳದು ಮೈಯೆಲ್ಲ ಸಿಪ್ಪೆ. ಇವಳಿಗೆ ಬೇಕಾಗಿದ್ದು ದೊಡ್ಡ ಒಲೆ.” ಹೀಗೆಂದು ನನ್ನ ಕಡೆ ತಿರುಗಿದರು. “ಮೇಡಂ, ನೀವು ಎಂತಕ್ಕೆ ನಿಂತಿದೀರಿ? ಈ ಆಸ್ಪತ್ರೇಲಿ ನಿಮ್ಮಷ್ಟು ಬೆಚ್ಚಗಿರೋರು ಯಾರಿದಾರೆ?”

ಮಗಳು ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

ಪರದೆ ಎಳೆದರು. ನಾನು ಒರಗಿ ಕೂತು ಬ್ಲೌಸಿನ ಗುಂಡಿ ಬಿಚ್ಚಿದೆ. ನರ್ಸು ಟೋಪಿ, ಕಾಲ್ಚೀಲ ಮಾತ್ರ ಹಾಕಿದ ಆ ಜೀವವನ್ನು ನನ್ನ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ, ಮೇಲೆ ಬಟ್ಟೆ ಬಿಗಿದು ಕಟ್ಟಿದಳು. ತಣ್ಣನೆಯ ಹೊಟ್ಟೆ ನನ್ನ ಚರ್ಮಕ್ಕೆ ತಾಗಿತು. ಆಸ್ಪತ್ರೆಯ ಗಡಿಯಾರ ನೋಡುತ್ತ ಕೂತೆ. ಮೊದಲು ಹೊಟ್ಟೆ ಬೆಚ್ಚಗಾಯಿತು. ಆಮೇಲೆ ತೊಡೆ. ಕೊನೆಗೆ, ಸಂಜೆ ಚಹಾ ಬರುವ ಹೊತ್ತಿಗೆ, ಪಾದ. ಮಗಳು ಮಲಗಿದಲ್ಲಿಂದಲೇ ಕೈ ಚಾಚಿ ಆ ಪಾದ ಹಿಡಿದು ನೋಡಿ ನಿದ್ದೆಹೋದಳು. ಅಷ್ಟು ವರ್ಷ ಹೊತ್ತು ತಿರುಗಿ, ನಾಚಿ, ಬಯ್ದುಕೊಂಡ ನನ್ನ ಮೈ ಮೊದಲ ಬಾರಿಗೆ ನನಗೆ ಭಾರ ಅನ್ನಿಸಲಿಲ್ಲ.

ಅಂದಿನಿಂದ ಅವರು ದಿನಾ ಶಾಲೆ ಬಿಟ್ಟ ಮೇಲೆ ಬಂದರು. ಸ್ಟೂಲಿನ ಮೇಲೆ ಕೂತು ಶೇಂಗಾ ಬಿಡಿಸುತ್ತ, ಒಂದು ನನ್ನ ಬಾಯಿಗೆ, ಒಂದು ಅವರ ಬಾಯಿಗೆ. ನನ್ನ ಎರಡೂ ಕೈ ಮಗುವಿನ ಮೇಲಿರುತ್ತಿತ್ತಲ್ಲ. ಒಂದು ಸಂಜೆ ಬಿಸಿ ಹಾಲಿನ ಲೋಟವನ್ನು ಅಂಗೈಗಳ ನಡುವೆ ಬಹಳ ಹೊತ್ತು ಹಿಡಿದು, ಕೈ ಕಾಯಿಸಿಕೊಂಡು, ಒಂದೇ ಬೆರಳನ್ನು ಮಗುವಿನ ಹಿಮ್ಮಡಿಗೆ ತಾಗಿಸಿದರು. ಮಗು ಚಕ್ಕನೆ ಕಾಲು ಎಳೆದುಕೊಂಡಿತು.

“ಕಾಯಿಸ್ಕೊಂಡ್ರೂ ತಣ್ಣಗೇ ಅಂತ ಗೊತ್ತಾಯ್ತು ನೋಡಿ ಇವಳಿಗೆ,” ಎಂದು ನಕ್ಕರು.

ನನಗೆ ಖುಷಿಯಾಯಿತು. ಸುಳ್ಳು ಹೇಳಲಾರೆ, ಬಹಳ ಖುಷಿಯಾಯಿತು. ಆಮೇಲೆ ಅವರ ಮುಖದಲ್ಲಿ ನನ್ನ ಬಗ್ಗೆ ಒಂದು ಚೂರಾದರೂ ಅಸೂಯೆ ಇದೆಯೇ ಎಂದು ಹುಡುಕಿದೆ. ಮಕ್ಕಳಿಲ್ಲದವರು, ಎತ್ತಿಕೊಳ್ಳಲೂ ಆಗದೆ ಕೂತಿರುವವರು, ಇರಲೇಬೇಕು ಎಂದುಕೊಂಡೆ. ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರು ಮಗುವಿನ ಮೂಗಿನ ಹೊಳ್ಳೆ ಅರಳುವುದನ್ನೇ ನೋಡುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ನನ್ನ ಖುಷಿ ಅರ್ಧಕ್ಕಿಳಿಯಿತು.

ಮನೆಗೆ ಬಂದ ಮೇಲೆ ಇನ್ನೊಂದು ಕಷ್ಟ ಕಾದಿತ್ತು. ನಮ್ಮ ಅತ್ತೆ. ಬಳ್ಳಿಗಾವಿ ಕಡೆಯ ಕುರಿ ಸಾಕುವ ಮನೆತನದಲ್ಲಿ ಹುಟ್ಟಿ ಬೆಳೆದವರು, ಎಷ್ಟೋ ಬಾಣಂತನ ಮಾಡಿ ಕೈ ಪಳಗಿದವರು. ಕೂಸಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಧೂಪ ಹಾಕದಿದ್ದರೆ ಅದು ಮೈ ಹಿಡಿಯುವುದು ಹೇಗೆ ಎನ್ನುವುದು ಅವರ ವಾದ. ನಾನು ಒಂದು ವಾರ ವಾದಿಸಿದೆ. ಕೊಬ್ಬಿನ ಪದರ, ದೇಹದ ಉಷ್ಣತೆ, ಆವಿಯಾಗುವಿಕೆ, ಎಲ್ಲ ಹೇಳಿದೆ. “ನೀನು ಇಸ್ಕೂಲಿನಾಗೆ ಹೇಳಿಕೊಡು. ನಂಗೆ ಬ್ಯಾಡ,” ಎಂದರು.

ಒಂದು ಶನಿವಾರ ಮಧ್ಯಾಹ್ನ ಮಗಳು ಜ್ವರದ ಮಾತ್ರೆ ನುಂಗಿ ಮಲಗಿದ್ದಳು. ನಾನು ಮಗುವನ್ನು ಅವಳ ಪಕ್ಕದಲ್ಲಿ ಸುತ್ತಿಟ್ಟು ಸ್ನಾನಕ್ಕೆ ಹೋದೆ. ಸ್ನಾನ ಮುಗಿಸಿ ಸೀರೆ ಸುತ್ತಿಕೊಳ್ಳುತ್ತಿದ್ದಾಗ ಶಾಲೆ ಬಿಟ್ಟು ಬಂದಿದ್ದ ಟೀಚರ ಧ್ವನಿ ಹಿತ್ತಿಲ ಕಡೆಯಿಂದ ಕೇಳಿಸಿತು. ಅವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ: “ಮೇಡಂ! ಬೇಗ ಬನ್ನಿ!”

ಓಡಿದೆ. ಅತ್ತೆ ಹಿತ್ತಿಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೆತ್ತಲೆ ಮಲಗಿಸಿ ಎಣ್ಣೆ ಸವರಿ ಆಗಲೇ ನೀರು ಹಾಕಿದ್ದರು. ಗಾಳಿ ಬೀಸುತ್ತಿತ್ತು. ಮಗು ಅಳುತ್ತಿರಲಿಲ್ಲ. ಅದೇ ಹೆದರಿಕೆ. ತುಟಿಯ ಸುತ್ತ, ಉಗುರಿನ ಬುಡದಲ್ಲಿ ನೀಲಿ ಕಾಣುತ್ತಿತ್ತು. ಟೀಚರು ತಮ್ಮ ಶಾಲಿನಿಂದ ಮಗುವಿನ ನೀರು ಒರೆಸಿ, ನನ್ನ ಎದೆಗೆ ಒತ್ತಿದರು. ನಾನು ಸೆರಗು ಸರಿಸಿ ಹಿಡಿದುಕೊಂಡೆ. ಹಸಿ ಕಲ್ಲು ಹಿಡಿದ ಹಾಗಿತ್ತು. ಅವರು ಮೈಮೇಲಿದ್ದ ಸ್ವೆಟರ್ ಬಿಚ್ಚಿ ಮಗುವಿನ ಬೆನ್ನಿಗೆ ಹೊದಿಸಿ, ನನ್ನ ಸೆರಗಿನಿಂದಲೇ ಇಬ್ಬರನ್ನೂ ಸೇರಿಸಿ ಬಿಗಿದು ಕಟ್ಟಿ, ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಡಾಕ್ಟರಿಗೆ ಫೋನ್ ಮಾಡಿದರು. ಆಟೋ ಬರುವವರೆಗೂ ನಾನು ಮಗುವಿನ ಬೆನ್ನು ಸವರುತ್ತ ಕೂತೆ, ಅವರು ಮುಂದೆ ಮೊಣಕಾಲೂರಿ ಅದರ ಮೂಗಿನ ಹೊಳ್ಳೆಯನ್ನೇ ನೋಡುತ್ತ ಕೂತರು. ತೆಳು ಬ್ಲೌಸಿನಲ್ಲಿ ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ಆಟೋ ಬಂದು ನಿಲ್ಲುವ ಹೊತ್ತಿಗೆ ಮಗು ಒಮ್ಮೆ ಮುಖ ಕಿವುಚಿ ಕಿರುಚಿತು. ಅಂಥ ಇಂಪಾದ ಸದ್ದನ್ನು ನಾನು ಕೇಳಿಲ್ಲ. ಡಾಕ್ಟರು ನೋಡಿ, ಸರಿಯಾದ ಹೊತ್ತಿಗೆ ಬೆಚ್ಚಗೆ ಮಾಡಿದಿರಿ, ಇವತ್ತು ಇಲ್ಲೇ ಇರಲಿ, ನಾಳೆ ಕರೆದುಕೊಂಡು ಹೋಗಿ ಎಂದರು.

ಮರುದಿನ ಅತ್ತೆ ಮೂಲೆಯಲ್ಲಿ ಕೂತಿದ್ದರು. ನಾನು ಬಯ್ಯಲೆಂದೇ ಹೊರಟಿದ್ದೆ. ಅಷ್ಟರಲ್ಲಿ ಟೀಚರು ಅವರ ಪಕ್ಕ ಹೋಗಿ ನೆಲದ ಮೇಲೆ ಕೂತರು.

“ಅಜ್ಜಿ, ನಿಮ್ಮ ತವರುಮನೇಲಿ ಕುರಿ ಇತ್ತಂತಲ್ಲ. ಮಳೇಲಿ ಮರಿ ಹಾಕಿದ್ರೆ ಎಂತ ಮಾಡ್ತಿದ್ರಿ?”

“ಏನ್ ಮಾಡ್ತಿದ್ವಿ? ಬಿಟ್ರೆ ಸೆಟಗಂಡು ಸತ್ತೇ ಹೋಗ್ತಾವೆ. ಒರೆಸಿ, ಕಂಬಳಿಯಾಗೆ ಹಾಕ್ಕಂಡು ಎದಿಗೆ ಅವಚಿಗಂತಿದ್ವಿ.”

“ಕುರಿ ನೆನೆದ್ರೆ?”

“ಕುರಿಗೇನಾಗ್ತೈತೆ, ದೊಡ್ಡದು. ತಡಕಂತೈತೆ.”

“ಇವಳಿನ್ನೂ ಮರಿ ಅಜ್ಜಿ.”

ಅತ್ತೆ ಎದ್ದು ಹೋಗಿ, ತಮ್ಮ ಪೆಟ್ಟಿಗೆಯಿಂದ ಹಳೆಯ ಕರಿ ಕಂಬಳಿ ತೆಗೆದು ಬಿಸಿಲಿಗೆ ಹಾಕಿದರು. “ಇದನ್ನ ಮೇಲೆ ಹೊದ್ದುಕೋ. ಕೂಸಿನ ತಲಿ ಮುಚ್ಚು,” ಎಂದು ನನಗೇ ಹೇಳಿದರು, ನಾನೇನೋ ತಿಳಿಯದವಳೆಂಬಂತೆ. ಅಂದಿನಿಂದ ಮಗು ತೂಕ ಹಿಡಿಯುವವರೆಗೆ ನೀರಿನ ಮಾತೆತ್ತಲಿಲ್ಲ. ಬಂದವರಿಗೆಲ್ಲ, “ಮರಿ ಐತೆ ಇನ್ನೂ, ಮುಟ್ಟಬ್ಯಾಡ್ರಿ,” ಎಂದು ಅವರೇ ಕಾವಲು ಕೂತರು.

ನನ್ನ ಒಂದು ವಾರದ ವಾದ ಎಲ್ಲಿ, ಟೀಚರ ಎರಡು ಪ್ರಶ್ನೆ ಎಲ್ಲಿ! ಮೊಮ್ಮಗಳು ಉಳಿದಳು ಎಂಬ ಸಮಾಧಾನದ ನಡುವೆಯೂ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವರು ಬರದ ಒಂದು ಸಂಜೆ ನಮ್ಮ ಯಜಮಾನರು, “ಇವತ್ತು ಟೀಚರ್ ಬರ್ಲಿಲ್ವೇನೇ?” ಎಂದು ಬಾಗಿಲ ಕಡೆ ನೋಡಿದರು. ಅತ್ತೆಯೂ ನೋಡಿದರು. ಮಗಳೂ. ನಿಜ ಹೇಳಬೇಕೆಂದರೆ ನಾನೂ ನೋಡಿದೆ.

ಬೀಳ್ಕೊಡುಗೆಯಾಗಿ ತಿಂಗಳ ಮೇಲೆ ಮಗಳ ಮನೆಗೆ ಹೋದವಳು, ಅವಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೊಸಬಾಳೆಗೆ ಹೋಗಿ ಅವರನ್ನು ನೋಡಿಬಂದೆ. ಮೊಮ್ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಹುಟ್ಟಿದಾಗ ಅಷ್ಟಿದ್ದವಳು ಎಂದರೆ ಯಾರೂ ನಂಬುವುದಿಲ್ಲ, ಮೈಕಟ್ಟು ನನ್ನದೇ. ಟೀಚರು ತಮ್ಮನ ಮನೆಯ ಪಕ್ಕದಲ್ಲೇ ಎರಡು ಕೋಣೆ ಮಾಡಿಕೊಂಡಿದ್ದಾರೆ. ಜಗಲಿಯ ಬಿಸಿಲಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಇನ್ನಷ್ಟು ಸಣ್ಣಗಾಗಿದ್ದಾರೆ ಅನ್ನಿಸಿತು. ಮಗು ನನ್ನ ಕೈ ಬಿಡಿಸಿಕೊಂಡು ಓಡಿಹೋಗಿ ಅವರ ಮಡಿಲಲ್ಲಿ ಕೂತಿತು. ಇದೂ ಆಗುವುದೇ ಎಂದು ನಾನು ಚಪ್ಪಲಿ ಬಿಟ್ಟೆ.

ಅವಲಕ್ಕಿ ಬಂತು, ಚಹಾ ಬಂತು. ಅಂಗಳದ ಮೂಲೆಯಲ್ಲಿ, ಸೌದೆ ಒಟ್ಟಿದ ಪಕ್ಕ, ನಾಯಿ ಮರಿ ಹಾಕಿತ್ತು. ತಾಯಿ ಎಲ್ಲೋ ಹೋಗಿತ್ತು. ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು, ಯಾವ ಕಾಲು ಯಾರದೆಂದು ತಿಳಿಯದ ಹಾಗೆ ಮುದ್ದೆಯಾಗಿ ಮಲಗಿದ್ದವು.

“ಟೀಚರಜ್ಜಿ, ಅವು ಯಾಕೆ ಹಿಂಗೆ ಒಂದ್ರ ಮೇಲೆ ಒಂದು ಮಲಗಿದಾವೆ?” ಎಂದು ಮಗು ಕೇಳಿತು.

ಅವರು ಬಾಯಿ ತೆರೆದರು. ಆಮೇಲೆ ನನ್ನ ಕಡೆ ನೋಡಿ ಮುಚ್ಚಿಕೊಂಡರು. “ಅದನ್ನ ನಿನ್ನ ಅಜ್ಜೀನ ಕೇಳು. ಅವ್ರೂ ಟೀಚರೇ. ನಂಗಿಂತ ಚೆನ್ನಾಗಿ ಪಾಠ ಮಾಡ್ತಿದ್ರು.”

ಅವರು ಹಾಗೆ ಬಿಟ್ಟುಕೊಟ್ಟದ್ದು ನೋಡಿ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಆದರೂ ಅವಕಾಶ ಬಿಡಲಿಲ್ಲ. ಮಗುವನ್ನು ಹತ್ತಿರ ಕರೆದು, ಮರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ. ಒಂದೊಂದೇ ಮಲಗಿದರೆ ಸುತ್ತಲೂ ಗಾಳಿ ತಾಗುತ್ತದೆ, ಎಲ್ಲ ಕಡೆಯಿಂದ ಬಿಸಿ ಹೋಗುತ್ತದೆ. ಒಟ್ಟಿಗೆ ಮಲಗಿದರೆ ಎಲ್ಲ ಸೇರಿ ಒಂದು ದೊಡ್ಡ ನಾಯಿಯಾಗುತ್ತವೆ, ಹೊರಗೆ ಕಾಣುವ ಮೈ ಕಡಿಮೆಯಾಗುತ್ತದೆ, ಬಿಸಿ ಒಳಗೇ ಉಳಿಯುತ್ತದೆ. ಚೆನ್ನಾಗಿ ಹೇಳಿದೆ. ‘ಒಂದು ದೊಡ್ಡ ನಾಯಿ’ ಎಂಬ ಮಾತು ನನಗೇ ಹೊಳೆದದ್ದು, ಯಾರ ಪಾಠದಿಂದಲೂ ಎತ್ತಿದ್ದಲ್ಲ. ಜಗಲಿಯ ಮೇಲೆ ಮಗಳು ಚಹಾ ಲೋಟ ಹಿಡಿದುಕೊಂಡೇ ಕೇಳುತ್ತಿದ್ದಳು.

ಮೊಮ್ಮಗಳ ಕಣ್ಣು ಅರಳಿತು. ಮರಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಜಗಲಿಯ ಕಡೆ ತಿರುಗಿ ಜೋರಾಗಿ ಕೇಳಿದಳು:

“ಹೌದಾ ಟೀಚರಜ್ಜಿ?”